ಕಡಲ ಆವಿಯ ಲೆಕ್ಕ
ಶ್ರಾವಣದಲ್ಲಿ ಗಂಗೆ ಉಬ್ಬಿ ಕಾಶಿಯ ದಶಾಶ್ವಮೇಧ ಘಟ್ಟದ ಮೆಟ್ಟಿಲುಗಳನ್ನು ಮುಳುಗಿಸುವಾಗ, ಆ ಜಲರಾಶಿ ಹೆಚ್ಚಾಗಿ ಕಡಲಿನಿಂದ ಆವಿಯಾಗಿ ಬಂದುದೆಂಬುದನ್ನು ನಾವು ನೆನೆಯುವುದಿಲ್ಲ. ‘ಬಿಸಿಲಿಗೆ ನೀರು ಆವಿಯಾಗುತ್ತದೆ’ ಎಂಬ ಒಂದೇ ವಾಕ್ಯದಿಂದ ಪಾಠವನ್ನು ಮುಗಿಸಿದರೆ ಸಾಲದೆಂದು ನನ್ನ ಮತ. ಅದಕ್ಕೆ ತಗಲುವ ಶಕ್ತಿಯನ್ನು ವಿದ್ಯಾರ್ಥಿಗಳೇ ಲೆಕ್ಕಹಾಕಬೇಕು.

ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಶಾಖ ಬೇಕು. ಅಷ್ಟೇ ನೀರನ್ನು 0 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಸುಮಾರು 4.2 ಲಕ್ಷ ಜೂಲ್ ಸಾಕು. ಸಾಗರಗಳಿಂದ ವರ್ಷಕ್ಕೆ 4 ಲಕ್ಷ ಘನ ಕಿಲೋಮೀಟರಿಗೂ ಮಿಕ್ಕ ನೀರು ಹೀಗೆ ಮೇಲೇರುತ್ತದೆ. ಇದಕ್ಕೆ ಸೂರ್ಯನು ವ್ಯಯಿಸುವ ಶಕ್ತಿ, ಮನುಕುಲವೆಲ್ಲ ವರ್ಷದಲ್ಲಿ ಬಳಸುವ ಶಕ್ತಿಗಿಂತ ಸಾವಿರ ಮಡಿಗೂ ಹೆಚ್ಚು. ಆ ಶಾಖ ನಷ್ಟವಾಗದು. ಆವಿ ಮೋಡವಾಗುವಾಗ ಹೊರಬಿದ್ದು ಮುಂಗಾರಿಗೆ ಬಲವಾಗುತ್ತದೆ.

ಗಂಗೆಗೆ ಕೈಮುಗಿಯುವವರು ಈ ಲೆಕ್ಕವನ್ನೂ ಬಲ್ಲವರಾದರೆ ಅವಳಿಗೆ ಕೊಳಚೆಯನ್ನು ಸುರಿಯಲು ಅಳುಕಿಯಾರು. ಭಕ್ತಿಗೆ ಗಣಿತವು ವೈರಿಯಲ್ಲ.