ತುಂಗೆ ಇದ್ದಾಳೆ, ಶಿವಮೊಗ್ಗ ಎಲ್ಲಿ?

ನಮ್ಮ ಕಡೆಯ ಚಿತ್ರಪ್ರದರ್ಶನಗಳಿಗೆ ಹೋದವರಿಗೆಲ್ಲ ಆ ಚಿತ್ರ ಪರಿಚಿತ. ತಿಳಿನೀಲಿ ತುಂಗೆ, ದಂಡೆಯಲ್ಲೊಂದು ಕಲ್ಲಿನ ಮಂಟಪ, ಹಿಂದೆ ಕೆಂಪು ಸೂರ್ಯಾಸ್ತ. ಕೆಳಗೆ 'ನೈಜ ಶೈಲಿ, ತೈಲವರ್ಣ' ಎಂಬ ಚೀಟಿ. ನಮ್ಮ ಶಿವಮೊಗ್ಗವೊಂದನ್ನು ಬಿಟ್ಟು ಉಳಿದೆಲ್ಲವೂ ಅದರಲ್ಲಿರುತ್ತದೆ.

ಮೊದಲು ನೀರಿನ ಮಾತು. ಮಳೆಗಾಲದಲ್ಲಿ ಗಾಜನೂರು ಅಣೆಕಟ್ಟು ತುಂಬಿ ನೀರು ಬಿಟ್ಟಾಗ ತುಂಗೆಯದು ಕೆಮ್ಮಣ್ಣಿನ ಬಣ್ಣ. ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತೇ ಎಂದು ಜನ ಹೊಳೆಯತ್ತ ಧಾವಿಸುವುದು ಆಗಲೇ. ಬೇಸಿಗೆಯಲ್ಲಿ ಬಂಡೆಗಳು ಮೇಲೆದ್ದು ನೀರು ಪಾಚಿಹಸಿರಾಗುತ್ತದೆ. ಚರಂಡಿ ಸೇರುವ ಜಾಗದಲ್ಲಿ ಕಪ್ಪು. 'ತುಂಗಾ ಪಾನ, ಗಂಗಾ ಸ್ನಾನ' ಎನ್ನುವ ನಾಡಿನಲ್ಲಿ ಈ ನೀರನ್ನು ಉಳಿಸಿ ಎಂದು 2024ರಲ್ಲಿ ಶೃಂಗೇರಿಯಿಂದ ಪಾದಯಾತ್ರೆ ಹೊರಡಬೇಕಾಯಿತು. ಅಂಥ ಹೊಳೆಗೆ ಟ್ಯೂಬಿನಿಂದ ಹಿಂಡಿದ ನೀಲಿಯನ್ನೇ ಬಳಿದು ನೈಜತೆ ಎನ್ನುವುದು ಯಾವ ನ್ಯಾಯ?

ಅವಸರವಾಯಿತು ಎಂಬ ನೆಪ ತೈಲವರ್ಣದವರಿಗೆ ಸಲ್ಲದು. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣ ದಿನಗಟ್ಟಲೆ ಹಸಿಯಾಗಿರುತ್ತದೆ, ಮಲೆನಾಡಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಟರ್ಪೆಂಟೈನ್ ಬೆರೆಸಿದ ತೆಳು ಪದರ ಮೊದಲು, ಎಣ್ಣೆ ಹೆಚ್ಚಿರುವ ಪದರ ಆಮೇಲೆ. ತಪ್ಪು ಕಂಡರೆ ಕೆರೆದು ತೆಗೆದು, ಮತ್ತೆ ದಂಡೆಗೆ ಹೋಗಿ ನೋಡಿ ಬರಬಹುದು. ಬಿಳಿ ಗೋಡೆಗಿಂತ ನೀರಿನೊಳಗಿನ ಅದರ ಬಿಂಬ ತುಸು ಮಂಕು ಎಂಬುದು ಹಾಗೆ ಹೋಗಿ ನೋಡಿದವರಿಗಷ್ಟೇ ಗೊತ್ತಾಗುತ್ತದೆ.

ಪಕ್ಕದ ಭದ್ರಾವತಿಯನ್ನು ಚಿತ್ರಿಸುವವರಂತೂ ವಿರಳ. ಅಲ್ಲಿ ಚೆಂದವಿಲ್ಲವಂತೆ! ಕಾಮಿಲ್ ಪಿಸಾರೋ 1896ರಲ್ಲಿ ಫ್ರಾನ್ಸಿನ ರೂಆನ್ ನಗರಕ್ಕೆ ಹೋಗಿ ನದಿಯ ಸೇತುವೆ, ಹಡಗುಕಟ್ಟೆ, ಚಿಮಣಿಗಳ ಹೊಗೆಯನ್ನೇ ತೈಲವರ್ಣದಲ್ಲಿ ಬಿಡಿಸಿದ. ಭದ್ರೆಯ ದಂಡೆಯಲ್ಲೂ 1923ರಲ್ಲಿ ಕಬ್ಬಿಣ ತೆಗೆಯಲಾರಂಭಿಸಿದ ಕಾರ್ಖಾನೆಯಿದೆ. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಬಂತು, ಆಗಸ್ಟ್‌ನಲ್ಲಿ ಮತ್ತೆ ಚಾಲನೆ ಸಿಕ್ಕಿತು. ನಾಡಿನ ಪತ್ರಿಕೆಗಳಿಗೆ ಕಾಗದ ಒದಗಿಸಿದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಅಲ್ಲಿ ದುಡಿದವರ ಬೀದಿಗಳು ಯಾವ ಕ್ಯಾನ್ವಾಸಿಗೂ ಬೇಡವೇ?

ಇನ್ನು, ದಂಡೆಯ ಕಟ್ಟಡಗಳ ಸಾಲಿನಲ್ಲಿ ಯಾವುದಿರಬೇಕು ಎಂಬುದು. ಕೆಲವರು ಮಿನಾರನ್ನು ಬಿಟ್ಟುಬಿಡುತ್ತಾರೆ, ಕೇಳಿದರೆ 'ಸಂಯೋಜನೆಗೆ ಹೊಂದಲಿಲ್ಲ' ಎನ್ನುತ್ತಾರೆ. ಇನ್ನು ಕೆಲವರು ಸೌಹಾರ್ದದ ಹೆಸರಿನಲ್ಲಿ ಗೋಪುರ, ಮಿನಾರು, ಶಿಲುಬೆ ಮೂರನ್ನೂ ಇಲ್ಲದ ಜಾಗದಲ್ಲಿ ಒತ್ತೊತ್ತಾಗಿ ನಿಲ್ಲಿಸುತ್ತಾರೆ. ಈ ಎರಡನೆಯ ಬಗೆಯನ್ನು ಮೆಚ್ಚಿ ಚಪ್ಪಾಳೆ ತಟ್ಟಿದವರಲ್ಲಿ ನಾವೂ ಇದ್ದೆವು. ಆದರೆ ಎರಡೂ ಸುಳ್ಳೇ. ನಿಂತ ಜಾಗದಿಂದ ಕಂಡದ್ದು ಇರಲಿ, ಕಾಣದ್ದು ಬೇಡ. 2022ರ ಫೆಬ್ರವರಿ ಮತ್ತು 2023ರ ಅಕ್ಟೋಬರಿನ ನಿಷೇಧಾಜ್ಞೆಯ ದಿನಗಳನ್ನು ಕಂಡ ಊರಿದು. ಇಲ್ಲಿ ನೆರೆಯವರ ಸೂರನ್ನು ಚಿತ್ರದಿಂದ ಅಳಿಸುವುದು ಬರೀ ಸಂಯೋಜನೆಯ ಪ್ರಶ್ನೆಯಲ್ಲ.

ಚಿತ್ರ ಬಿಡಿಸುವುದೇ ಬೇಡ ಎನ್ನುವ ನಮ್ಮ ಹಿರಿಯರಲ್ಲೂ ಒಂದು ವಿನಂತಿ. ಜೀವಿಗಳ ಚಿತ್ರದ ಬಗ್ಗೆ ಉಲಮಾಗಳಿಗಿರುವ ಆಕ್ಷೇಪ ನಮಗೆ ಗೊತ್ತಿಲ್ಲದ್ದಲ್ಲ. ಆದರೆ 8ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಡಮಾಸ್ಕಸ್‌ನ ಉಮಯ್ಯದ್ ಮಸೀದಿಯ ಗೋಡೆಯ ಮೇಲೆಯೇ ಹೊಳೆ, ಮರ, ಮಹಡಿಮನೆಗಳ ಮೊಸಾಯಿಕ್ ಇದೆ. ಅದರಲ್ಲಿ ಮನುಷ್ಯರಿಲ್ಲ, ಪ್ರಾಣಿಗಳಿಲ್ಲ. ಹೊಳೆದಂಡೆಯ ಊರನ್ನೇ ಬಿಡಿಸಹೊರಟ ಮಗಳ ಕೈಯಿಂದ ಕುಂಚ ಕಿತ್ತುಕೊಳ್ಳಲು ಧರ್ಮವನ್ನೇಕೆ ಎಳೆದು ತರುತ್ತೀರಿ? ಅವಳು ಕೇಳುತ್ತಿರುವುದು ಒಂದು ಕ್ಯಾನ್ವಾಸ್, ಐದಾರು ಟ್ಯೂಬ್ ಬಣ್ಣ, ಮಗ್ರಿಬ್‌ವರೆಗೆ ದಂಡೆಯಲ್ಲಿ ಕೂರಲು ಮನೆಯವರ ಒಪ್ಪಿಗೆ, ಅಷ್ಟೇ.