ಯಂತ್ರದ ಕಿವಿಗೆ ಬೀಳದ ಮಾತು
ಹೊಳಲ್ಕೆರೆ ಸೀಮೆಯ ಬೆಳೆಗಾರರ ಆಡುಮಾತಿನಲ್ಲಿ ‘ಅಡಿಕೆ’ಯು ‘ಅಡ್ಕೆ’ಯಾಗುತ್ತದೆ, ವಿಭಕ್ತಿ ಸೇರಿದರೆ ಮತ್ತಷ್ಟು ಬದಲಾಗುತ್ತದೆ. ಧ್ವನಿಮುದ್ರಿತ ಮಾತಿನಲ್ಲಿ ನಿರ್ದಿಷ್ಟ ಪದಗಳನ್ನು ಹುಡುಕುವ ಯಂತ್ರವು ಇವೆಲ್ಲ ಒಂದೇ ಎಂದು ಅರಿಯಬೇಕಾದರೆ ಅಂಥ ಉಚ್ಚಾರಣೆಗಳನ್ನು ಅದಕ್ಕೆ ಕೇಳಿಸಿ ಕಲಿಸಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳಲ್ಲಿ, ಕೃಷಿ ಹಾಗೂ ಹಣಕಾಸಿಗೆ ಸಂಬಂಧಿಸಿದ ಮಾತನ್ನು ಉಪಭಾಷೆಗಳ ಸಮೇತ ಸಂಗ್ರಹಿಸಲು ಹೊರಟದ್ದು ಈ ಕಾರಣಕ್ಕೇ.

ಆದರೆ ಸಂಗ್ರಹವೊಂದೇ ಸಾಲದು. ಯಂತ್ರ ತಪ್ಪಾಗಿ ಗುರುತಿಸಿದ ಪದ ಕಣ್ಣಿಗೆ ಬೀಳುತ್ತದೆ. ಗುರುತಿಸದೇ ಬಿಟ್ಟದ್ದು ಬೀಳುವುದಿಲ್ಲ. ರೈತರ ದೂರವಾಣಿ ದೂರುಗಳನ್ನು ಹೀಗೆ ವಿಂಗಡಿಸಿದರೆ, ಯಂತ್ರಕ್ಕೆ ಕೇಳಿಸದ ಊರಿನಲ್ಲಿ ಸಮಸ್ಯೆಯೇ ಇಲ್ಲವೆಂದು ಇಲಾಖೆ ಭಾವಿಸೀತು. ಆದ್ದರಿಂದ ಒಟ್ಟಾರೆ ಸರಾಸರಿಯನ್ನು ನಂಬದೆ, ತಪ್ಪಿಹೋದ ಪದಗಳ ಪ್ರಮಾಣವನ್ನು ಜಿಲ್ಲಾವಾರು ಪರೀಕ್ಷಿಸಿ ಪ್ರಕಟಿಸುವುದನ್ನು ಸರ್ಕಾರ ಕಡ್ಡಾಯಗೊಳಿಸಬೇಕು.