ಗುಡ್ಡಗಾಡು ಓಟಕ್ಕೆ ಬೇಕಾದ ನೆಲ

ಸ್ಮರಣ ಸಂಚಿಕೆಗೆ ಕ್ರೀಡೆಯ ಕುರಿತು ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ, ಶಾಲೆ ಗಳಿಸಿದ ಢಾಲು-ಪದಕಗಳ ಪಟ್ಟಿಯನ್ನು ಒಪ್ಪಿಸಿ ಸುಮ್ಮನಾಗಬಹುದಿತ್ತು. ಆದರೆ ಈ ಸಂಸ್ಥೆಯಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕನಾಗಿ ದುಡಿದು ನಿವೃತ್ತನಾಗಿರುವ ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಒಂದು ಮಾತು ಉಳಿದುಕೊಂಡಿದೆ. ಅದನ್ನು ಸಹೋದ್ಯೋಗಿಗಳ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದಿಡಲು ಇದಕ್ಕಿಂತ ಯೋಗ್ಯವಾದ ಸಂದರ್ಭ ಒದಗಲಾರದು. ಆ ಮಾತು ಗುಡ್ಡಗಾಡು ಓಟದ ಹಾದಿಯನ್ನು ಕುರಿತದ್ದು.

ಕೆಲವು ವರ್ಷಗಳ ಹಿಂದೆ ನಮ್ಮ ಬಾಲಕರನ್ನು ಒಂದು ಕ್ರೀಡಾಕೂಟಕ್ಕೆ ಕರೆದೊಯ್ದಿದ್ದೆ. ಕಾರ್ಯಕ್ರಮದ ಪಟ್ಟಿಯಲ್ಲಿ ಗುಡ್ಡಗಾಡು ಓಟವೆಂದು ಅಚ್ಚಾಗಿತ್ತು. ಆದರೆ ಅಲ್ಲಿ ಗುಡ್ಡವೂ ಇರಲಿಲ್ಲ, ಕಾಡೂ ಇರಲಿಲ್ಲ. ಡಾಂಬರು ರಸ್ತೆಯಲ್ಲಿ ಊರ ಹೊರಗಿನ ಕಿಲೋಮೀಟರು ಕಲ್ಲೊಂದನ್ನು ಮುಟ್ಟಿ ಅದೇ ರಸ್ತೆಯಲ್ಲಿ ಮರಳಬೇಕಾಗಿತ್ತು. ಅತಿಥಿಗಳ ಭಾಷಣಗಳು ಮುಗಿದು ಓಟ ಆರಂಭವಾಗುವ ಹೊತ್ತಿಗೆ ಹನ್ನೊಂದು ಗಂಟೆ ಮೀರಿತ್ತು. ಬರಿಗಾಲಲ್ಲಿ ಓಡಿದ ನಮ್ಮ ಎಂಟನೆಯ ತರಗತಿಯ ಬಾಲಕನೊಬ್ಬ ಮೂರನೆಯವನಾಗಿ ಬಂದ. ಬಹುಮಾನ ಪಡೆಯಲು ವೇದಿಕೆಯ ಮೆಟ್ಟಿಲು ಹತ್ತಲಾರದೆ ನಿಂತಾಗ ಅವನ ಅಂಗಾಲುಗಳನ್ನು ನೋಡಿದೆ. ಸುಟ್ಟು ಎದ್ದ ಗುಳ್ಳೆಗಳು ಒಡೆದಿದ್ದವು. ನೋಯುತ್ತಿದೆಯೇ ಎಂದು ಕೇಳಿದೆ. "ಇಲ್ರಿ ಸರ. ಲಾರಿ ಬಂತಂತ ಬಾಜೂಕ ನಿಂತೆ. ಇಲ್ಲಂದ್ರ ಎರಡನೇ ನಂಬರ್ ಬರ್ತಿದ್ದೆ" ಎಂದ. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಆ ದಿನ ಓಟಕ್ಕೆ ಮುಂಚೆಯೇ ನಾನು ಆಕ್ಷೇಪಿಸಬೇಕಾಗಿತ್ತು, ಆಕ್ಷೇಪಿಸಲಿಲ್ಲ. ತಪ್ಪಿನಲ್ಲಿ ನನ್ನ ಪಾಲೂ ಇದೆ.

ಈ ಓಟದ ಮೂಲವನ್ನು ನೆನೆದರೆ ಇಂಥ ಏರ್ಪಾಡು ಎಷ್ಟು ಅಸಂಗತವೆಂಬುದು ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿ ಮೊದಲಾದ ಶಾಲೆಗಳ ವಿದ್ಯಾರ್ಥಿಗಳು ಬೇಟೆಯ ಆಟವೊಂದನ್ನು ಆಡುತ್ತಿದ್ದರು. ಮೊಲಗಳೆನಿಸಿಕೊಂಡವರು ಮುಂದೆ ಓಡುವರು. ಬೇಟೆನಾಯಿಗಳೆನಿಸಿಕೊಂಡ ಉಳಿದವರು ಹೊಲ, ಬೇಲಿ, ಹಳ್ಳಗಳನ್ನು ದಾಟಿ ಬೆನ್ನಟ್ಟುವರು. ಆ ಆಟವೇ ಬೆಳೆದು ಗುಡ್ಡಗಾಡು ಓಟವಾಯಿತು. ಇದರಲ್ಲಿ ಓಟಗಾರನ ಎದುರಾಳಿ ಪಕ್ಕದಲ್ಲಿ ಓಡುವವನು ಮಾತ್ರವಲ್ಲ, ಕಾಲ ಕೆಳಗಿನ ನೆಲವೂ ಹೌದು. ಮೈದಾನದ ಸುತ್ತುಪಥದಲ್ಲಿ ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯಂತೆಯೇ ಬೀಳುತ್ತದೆ. ಇಲ್ಲಿ ಏರಿನಲ್ಲಿ ಹೆಜ್ಜೆ ಚಿಕ್ಕದಾಗಬೇಕು, ಇಳಿಜಾರಿನಲ್ಲಿ ಮೈ ಹಿಡಿತದಲ್ಲಿರಬೇಕು, ತಿರುವಿನಲ್ಲಿ ಕಣ್ಣು ಮುಂದೆ ನೋಡುತ್ತಿರಬೇಕು. ನೆಲವನ್ನು ಅರಿತು ನಡೆದುಕೊಳ್ಳುವ ಈ ವಿವೇಕವೇ ಈ ಓಟದ ಶಿಕ್ಷಣ.

ಹಾಗಾದರೆ ಒಳ್ಳೆಯ ಹಾದಿ ಯಾವುದು? ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮಗಳು ಇದಕ್ಕೆ ಸ್ಪಷ್ಟವಾದ ಉತ್ತರ ಕೊಡುತ್ತವೆ. ಹಾದಿ ಬಯಲಿನಲ್ಲಿ ಅಥವಾ ಮರಗಳ ನಡುವೆ, ಸಾಧ್ಯವಾದಷ್ಟೂ ಹುಲ್ಲು ನೆಲದ ಮೇಲೆ ಸಾಗಬೇಕು. 1,500 ರಿಂದ 2,000 ಮೀಟರಿನ ಸುತ್ತನ್ನು ಮತ್ತೆ ಮತ್ತೆ ಓಡುವಂತಿರಬೇಕು. ಒಂದು ಸುತ್ತಿನಲ್ಲಿ ಒಟ್ಟು 10 ಮೀಟರಿಗೆ ಕಡಿಮೆಯಿಲ್ಲದಷ್ಟು ಏರು ಇರಬೇಕು. ಸಹಜವಾದ ಅಡೆತಡೆಗಳಿರಬಹುದು, ಆದರೆ ಆಳವಾದ ತಗ್ಗು, ಅಪಾಯಕರವಾದ ಇಳಿಜಾರು, ದಟ್ಟವಾದ ಪೊದೆಗಳು ಸಲ್ಲವು. ಹೆಚ್ಚು ಮಂದಿ ಓಡುವಾಗ ಮೊದಲ 300 ಮೀಟರಿನೊಳಗೆ ಇಕ್ಕಟ್ಟಾದ ಸ್ಥಳಗಳಿರಕೂಡದು. ಡಾಂಬರು ರಸ್ತೆಯನ್ನು ದಾಟುವ ಪ್ರಸಂಗ ಬರಬಾರದು. ಬಂದೇ ತೀರುವುದಾದರೆ ಅಷ್ಟು ಜಾಗದ ಮೇಲೆ ಮಣ್ಣನ್ನೋ ಹುಲ್ಲನ್ನೋ ಚಾಪೆಯನ್ನೋ ಹಾಸಬೇಕು. ರಸ್ತೆಯನ್ನು ದಾಟಲೂ ಇಷ್ಟು ಎಚ್ಚರಿಕೆ ಹೇಳುವ ನಿಯಮ, ರಸ್ತೆಯ ಮೇಲೆಯೇ ನಡೆಯುವ ಓಟವನ್ನು ಏನೆಂದೀತು!

ಇದಕ್ಕೆ ಒಂದು ಉಜ್ವಲ ನಿದರ್ಶನವಾಗಿ 2019 ರಲ್ಲಿ ಡೆನ್ಮಾರ್ಕಿನ ಓರ್ಹುಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪನ್ನು ಹೆಸರಿಸಬಹುದು. ಅಲ್ಲಿನ ಮೋಸ್ಗೋರ್ ವಸ್ತುಸಂಗ್ರಹಾಲಯದ ಚಾವಣಿ ಹುಲ್ಲು ಹೊದ್ದು ನೆಲದಿಂದಲೇ ದಿಬ್ಬದಂತೆ ಮೇಲೇರಿದೆ. ಪ್ರತಿ ಸುತ್ತಿನಲ್ಲಿಯೂ ಆ ಕಡಿದಾದ ಚಾವಣಿಯನ್ನು ಹತ್ತಿ ಇಳಿಯುವಂತೆ ಹಾದಿಯನ್ನು ಯೋಜಿಸಿದ್ದರು. ಕೆಸರೂ ಇತ್ತು, ನೀರೂ ಇತ್ತು. ಪುರುಷರಲ್ಲಿ ಉಗಾಂಡದ ಜೋಶುವ ಚೆಪ್ಟೆಗೈ, ಮಹಿಳೆಯರಲ್ಲಿ ಕೀನ್ಯಾದ ಹೆಲೆನ್ ಒಬಿರಿ ಗೆದ್ದರು. ಹಾದಿ ಕಠಿಣವಾಗಿತ್ತು, ಆದರೆ ಕಾಲಿನ ಕೆಳಗೆ ಮೆತ್ತನೆಯ ನೆಲವಿತ್ತು.

ಕಾಠಿಣ್ಯ ಬೇರೆ, ಕ್ರೌರ್ಯ ಬೇರೆ. ಈ ಭೇದವನ್ನು ಮರೆತರೆ ಏನಾಗುವುದೆಂಬುದಕ್ಕೆ 1924 ರ ಪ್ಯಾರಿಸ್ ಒಲಿಂಪಿಕ್ಸ್ ಸಾಕ್ಷಿಯಾಗಿದೆ. ಜುಲೈ ತಿಂಗಳಲ್ಲಿ, 40 ಡಿಗ್ರಿ ಮೀರಿದ ಬಿಸಿಲಿನಲ್ಲಿ ಅಲ್ಲಿ ಗುಡ್ಡಗಾಡು ಓಟವನ್ನು ನಡೆಸಿದರು. ಹೊರಟವರು 38 ಮಂದಿ. ಗುರಿ ಮುಟ್ಟಿದವರು 15 ಮಂದಿ. ಫಿನ್ಲೆಂಡಿನ ಪಾವೋ ನೂರ್ಮಿ ಗೆದ್ದರಾದರೂ, ಹಲವರು ದಾರಿಯಲ್ಲಿಯೇ ಕುಸಿದರು. ಅನಂತರ ಈ ಸ್ಪರ್ಧೆಯನ್ನೇ ಒಲಿಂಪಿಕ್ಸಿನಿಂದ ಕೈಬಿಡಲಾಯಿತು. ಹಾದಿಯ ಗುಣದೋಷವನ್ನು ಹೇಳುವಾಗ ಹೊತ್ತನ್ನೂ ಎಣಿಸಬೇಕು. ಬೆಳಗಿನ ಏಳು ಗಂಟೆಗೆ ಹಿತವಾದ ದಾರಿ ನಡುಹಗಲಿನಲ್ಲಿ ಹಿತವಾಗಿ ಉಳಿಯದು.

ಗುರುತುಗಳ ವಿಷಯವೂ ಅಷ್ಟೇ ಮುಖ್ಯ. 1876 ರಲ್ಲಿ ಲಂಡನ್ ಸಮೀಪದ ಎಪಿಂಗ್ ಕಾಡಿನಲ್ಲಿ ಇಂಗ್ಲೆಂಡಿನ ಮೊದಲ ಚಾಂಪಿಯನ್‌ಷಿಪ್ ನಡೆದಾಗ, ಓಡಿದ 32 ಮಂದಿಯೂ ದಾರಿ ತಪ್ಪಿ, ಆ ಓಟವೇ ಅಸಿಂಧುವಾಯಿತು. ಪ್ರತಿ ತಿರುವಿನಲ್ಲಿ ಒಬ್ಬ ಅಧ್ಯಾಪಕ, ಒಂದು ಬಾವುಟ, ಒಂದು ಕೊಡ ನೀರು ಇಷ್ಟಿದ್ದರೆ ಈ ಭಯವಿಲ್ಲ. ತಂಡದ ಅಂಕ ಎಣಿಸುವಾಗ ಓಟಗಾರರು ಬಂದ ಸ್ಥಾನಗಳನ್ನು ಕೂಡಿಸಿ, ಮೊತ್ತ ಕಡಿಮೆಯಾದ ತಂಡವನ್ನು ವಿಜಯಿಯೆಂದು ಘೋಷಿಸುವುದು ಈ ಕ್ರೀಡೆಯ ಪದ್ಧತಿ. ಆದುದರಿಂದ ಹಿಂದೆ ಬರುವ ಬಾಲಕನ ಸ್ಥಾನಕ್ಕೂ ಇಲ್ಲಿ ಬೆಲೆಯುಂಟು. ಅವನಿಗೂ ಮುನ್ನುಗ್ಗಲು ಅಗಲವಾದ ದಾರಿ ಬೇಕು. ಅವನು ಬಂದು ಸೇರುವವರೆಗೂ ತಿರುವಿನ ಅಧ್ಯಾಪಕ ಜಾಗ ಬಿಡಕೂಡದು.

ಇಷ್ಟೆಲ್ಲ ಹೇಳಲು ಕಾರಣವಿದೆ. ನಮ್ಮ ಶಾಲೆಯ ಹಿಂದಿರುವ ಜಮೀನನ್ನು ಹಳೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಮಸಾರಿ ಮಣ್ಣಿನ ದಿನ್ನೆ, ಹುಣಸೆಯ ತೋಪು, ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳ, ಮಳೆ ಬಿದ್ದ ಮೇಲೆ ಬದುವಿನುದ್ದಕ್ಕೂ ಹಬ್ಬುವ ಕರಿಕೆ. ಹಗ್ಗ ಹಿಡಿದು ನಾನೇ ಅಳೆದಿದ್ದೇನೆ. 1,500 ಮೀಟರಿನ ಒಂದು ಸುತ್ತು ಅಲ್ಲಿ ನಿರಾಯಾಸವಾಗಿ ದೊರೆಯುತ್ತದೆ, ಎಲ್ಲಿಯೂ ರಸ್ತೆ ದಾಟಬೇಕಾಗಿಲ್ಲ. ನೆರೆಯ ಹೊಲಗಳು ಎರೆಭೂಮಿ. ಮಳೆಯಾದರೆ ಮಣ್ಣು ಮುದ್ದೆಯಾಗಿ ಕಾಲಿಗೆ ಮೆತ್ತುತ್ತದೆ, ಕೊಯ್ಲಾದರೆ ಜೋಳದ ಕೂಳೆ ಅಂಗಾಲನ್ನು ಚುಚ್ಚುತ್ತದೆ. ಅಲ್ಲದೆ ಕ್ರೀಡಾಕೂಟದ ಕಾಲದಲ್ಲಿ ಅಲ್ಲಿ ರೈತರ ಪೈರು ನಿಂತಿರುತ್ತದೆ. ನಮಗಿರುವುದು ಈ ದಿನ್ನೆಯೊಂದೇ. ಈಗ ಇದನ್ನು ಯಂತ್ರಗಳಿಂದ ಸಮಮಾಡಿ, ಮೆಟ್ಟಿಲು ಸಾಲುಗಳುಳ್ಳ ಕ್ರೀಡಾಂಗಣ ಕಟ್ಟಬೇಕೆಂಬ ಸಲಹೆ ಕೇಳಿಬರುತ್ತಿದೆ.

ಸಲಹೆ ಕೊಟ್ಟವರ ಸದುದ್ದೇಶದಲ್ಲಿ ನನಗೆ ಸಂದೇಹವಿಲ್ಲ. ಖೋ ಖೋ, ಕಬಡ್ಡಿ, ವಾಲಿಬಾಲುಗಳಿಗೆ ಸಮನೆಲ ಬೇಕೆಂಬುದನ್ನೂ ಒಪ್ಪುತ್ತೇನೆ. ಆದರೆ ಅವಕ್ಕೆ ಶಾಲೆಯ ಮುಂದಿನ ಮೈದಾನವಿದೆ. ಅದನ್ನೇ ಸುಧಾರಿಸಿದರೆ ಸಾಕು. ಸಮನೆಲವನ್ನು ಹಣವಿದ್ದರೆ ಎಲ್ಲಿಯಾದರೂ ಮಾಡಿಕೊಳ್ಳಬಹುದು. ಒಮ್ಮೆ ಕೆಡವಿದ ದಿನ್ನೆಯನ್ನು ಯಾವ ಹಣವೂ ಮರಳಿ ಎಬ್ಬಿಸಲಾರದು. ಓಟದ ಹಾದಿಗೆ ದಾನ ಕೊಟ್ಟವರ ಹೆಸರನ್ನು ಕೆತ್ತಲು ಗೋಡೆಯಿರುವುದಿಲ್ಲ, ನಿಜ. ಆದರೂ ಜಾಲಿಮುಳ್ಳು ಕಡಿಸಲು, ಹಳ್ಳದ ದಂಡೆಯನ್ನು ಭದ್ರಪಡಿಸಲು, ಹಾದಿಯ ಮಗ್ಗುಲಲ್ಲಿ ಬೇವು-ಹೊಂಗೆ ನೆಡಿಸಲು, ಬಡ ಮಕ್ಕಳಿಗೆ ಬೂಟು ಕೊಡಿಸಲು ದಾನಿಗಳು ನೆರವಾಗಬಹುದು. ಕಟ್ಟಡದ ವೆಚ್ಚದ ಸ್ವಲ್ಪ ಭಾಗದಲ್ಲಿಯೇ ಇವೆಲ್ಲವೂ ನೆರವೇರುತ್ತವೆ.

ಮುಂದಿನ ವಾರ್ಷಿಕ ಕ್ರೀಡಾಕೂಟದ ಗುಡ್ಡಗಾಡು ಓಟ ಬೆಳಗಿನ ಏಳು ಗಂಟೆಗೆ ಆ ದಿನ್ನೆಯ ಮೇಲೆಯೇ ನಡೆಯಲೆಂದೂ, ಭಾಷಣಗಳು ಓಟದ ನಂತರ ಇರಲೆಂದೂ ಆಡಳಿತ ಮಂಡಳಿಯವರಲ್ಲಿ ವಿನಂತಿಸುತ್ತೇನೆ. ಹುಣಸೆ ತೋಪಿನ ತಿರುವಿನಲ್ಲಿ ಬಾವುಟ ಹಿಡಿದು ನಿಲ್ಲುವ ಕೆಲಸವನ್ನು ನನಗೇ ವಹಿಸಿಕೊಡಬೇಕು. ಮಾತಿನಲ್ಲಿ ಅಧಿಕಪ್ರಸಂಗ ಕಂಡಿದ್ದರೆ ಹಿರಿಯರು ಮನ್ನಿಸಬೇಕು.